ಒಬ್ಬ ಭೂಮಾಪಕನ ದಫ್ತರ

ಕಳೆದ ವರುಷ ನಾವು ಹತ್ತನೆಯ ತರಗತಿಯ ಬಾಲಿಕೆಯರಿಗೆ ಉತ್ತರ ಅಮೇರಿಕಾ ಖಂಡದ ಚರಿತ್ರೆಯನ್ನು ಕಲಿಸುತ್ತಿದ್ದಾಗ, ಮೆಕ್ಸಿಕೊ ಕೊಲ್ಲಿಯ ಬಡಗಣ ಕರೆಯಲ್ಲಿರುವ ಒಂದು ಸೀಮೆಯ ಬಹುಭಾಗವು ಅರುವತ್ತು ವರುಷಗಳೊಳಗೆ ಫ್ರೆಂಚರಿಂದ ಇಂಗ್ಲಿಷರಿಗೂ, ಇಂಗ್ಲಿಷರಿಂದ ಸ್ಪೇನ್ ದೇಶದವರಿಗೂ, ಅವರಿಂದ ಅಮೇರಿಕಾ ಸಂಯುಕ್ತ ಸಂಸ್ಥಾನಗಳಿಗೂ ಕೈಬದಲಾದದ್ದನ್ನು ಹೇಳಿ, ಆಯಾ ಒಪ್ಪಂದಗಳ ಇಸವಿಗಳನ್ನು ಕರಿಹಲಗೆಯ ಮೇಲೆ ಸಾಲಾಗಿ ಬರೆದೆವು. ಬಾಲಿಕೆಯರು ಅವುಗಳನ್ನು ವಿಧೇಯತೆಯಿಂದ ಬರೆದುಕೊಂಡರು. ಆಗ ಹಿಂದಿನ ಬೆಂಚಿನಲ್ಲಿದ್ದ, ಬಹು ಕಡಿಮೆ ಮಾತಾಡುವ ಒಬ್ಬ ಹುಡುಗಿಯು ಎದ್ದು ನಿಂತು, "ಟೀಚರ್, ದೊರೆ ಬದಲಾದಾಗಲೆಲ್ಲಾ ಅಲ್ಲಿ ಉಳುವವನ ಹೊಲ ಯಾರದಾಯಿತು?" ಎಂದು ಕೇಳಿದಳು. ಇಪ್ಪತ್ತು ವರುಷಗಳಿಂದ ಆ ಪಾಠವನ್ನು ಹೇಳುತ್ತಾ ಬಂದ ನಮಗೆ ಆ ಪ್ರಶ್ನೆಯು ಒಮ್ಮೆಯೂ ತೋಚಿರಲಿಲ್ಲವೆಂದು ಒಪ್ಪಿಕೊಳ್ಳಬೇಕು. ಅದಕ್ಕೆ ಉತ್ತರವನ್ನು ಹುಡುಕುತ್ತಾ ಹೋದಾಗ ನಮಗೆ ಸಿಕ್ಕಿದ್ದು ಒಬ್ಬ ಭೂಮಾಪಕನ ದಫ್ತರವು. ಅದರ ವೃತ್ತಾಂತವನ್ನೇ ಈ ಸಂಚಿಕೆಯ ವಾಚಕರ ಮುಂದೆ ಇಡುತ್ತೇವೆ.

ಮೊದಲು ಸ್ಥಳದ ಪರಿಚಯವಾಗಬೇಕು. ಮಿಸಿಸಿಪ್ಪಿ ನದಿಯ ಮೂಡಣ ದಡದಿಂದ ಅಪಲಾಚಿಕೋಲ ನದಿಯ ವರೆಗೆ ಸಮುದ್ರತೀರದುದ್ದಕ್ಕೂ ಹಬ್ಬಿದ್ದ ಸೀಮೆಗೆ ಆ ಕಾಲದಲ್ಲಿ ಪಶ್ಚಿಮ ಫ್ಲಾರಿಡಾ ಎಂದು ಹೆಸರು. ೧೭೬೩ನೇ ಇಸವಿಯ ಸಂಧಿಯಿಂದ ಅದು ಇಂಗ್ಲಿಷರಿಗೆ ಸೇರಿತು. ಅಮೇರಿಕಾದವರು ಇಂಗ್ಲೆಂಡಿಗೆ ತಿರುಗಿಬಿದ್ದಾಗ ಸ್ಪೇನಿನ ಗವರ್ನರನಾದ ಬೆರ್ನಾರ್ದೊ ದೆ ಗಾಲ್ವೆಸನು ಸಮಯ ನೋಡಿ ೧೭೭೯ರಲ್ಲಿ ಬೇಟನ್ ರೂಜನ್ನೂ, ೧೭೮೦ರಲ್ಲಿ ಮೊಬೀಲನ್ನೂ, ೧೭೮೧ರಲ್ಲಿ ಪೆನ್ಸಕೋಲವನ್ನೂ ಹಿಡಿದನು. ೧೭೮೩ರ ಸಂಧಿಯು ಅದನ್ನು ಸ್ಪೇನಿಗೆ ಸ್ಥಿರಪಡಿಸಿತು. ೧೭೯೫ರಲ್ಲಿ ಸ್ಪೇನಿಗೂ ಸಂಯುಕ್ತ ಸಂಸ್ಥಾನಗಳಿಗೂ ಆದ ಒಪ್ಪಂದದಿಂದ ಭೂಮಧ್ಯರೇಖೆಗೆ ೩೧ ಅಂಶ ಬಡಗಣ ಗೆರೆಯು ಎರಡು ರಾಜ್ಯಗಳ ನಡುವಣ ಗಡಿಯಾಯಿತು. ತೊಡಕೆಲ್ಲಾ ಇದರ ತರುವಾಯ ಹುಟ್ಟಿತು. ಸ್ಪೇನು ೧೮೦೦ರಲ್ಲಿ ಗುಪ್ತ ಒಪ್ಪಂದದಿಂದ ಲೂಯಿಸಿಯಾನವನ್ನು ಫ್ರಾನ್ಸಿಗೆ ಹಿಂದಕ್ಕೆ ಕೊಟ್ಟಿತು. ನೆಪೋಲಿಯನನು ೧೮೦೩ರಲ್ಲಿ ಅದನ್ನು ಸಂಯುಕ್ತ ಸಂಸ್ಥಾನಗಳಿಗೆ ಮಾರಿದನು. ಮಾರಿದ್ದರಲ್ಲಿ ಪಶ್ಚಿಮ ಫ್ಲಾರಿಡಾ ಸೇರಿತ್ತೋ ಇಲ್ಲವೋ? ಪೆರ್ದಿದೊ ನದಿಯ ತನಕ ತಮಗೆ ಸೇರಿತೆಂದು ಅಮೇರಿಕಾದವರು ಹೇಳಿದರು. ಅದನ್ನು ತಾವು ಯಾರಿಗೂ ಕೊಡಲಿಲ್ಲವೆಂದು ಸ್ಪೇನಿನವರು ಹೇಳಿದರು. ಏಳು ವರುಷ ಒಂದೇ ನೆಲಕ್ಕೆ ಕಾಗದದಲ್ಲಿ ಇಬ್ಬರು ಯಜಮಾನರು ಇದ್ದರು. ಆಳುತ್ತಿದ್ದವರು ಮಾತ್ರ ಸ್ಪೇನಿನವರು, ಮತ್ತು ಅವರು ಆ ಏಳು ವರುಷಗಳಲ್ಲಿಯೂ ಜನರಿಗೆ ಭೂಮಿಯನ್ನು ಕೊಡುತ್ತಲೇ ಇದ್ದರು.

ಆ ಭೂಮಿಯನ್ನು ಅಳೆದುಕೊಟ್ಟವನು ವಿಸೆಂತೆ ಸೆಬಾಸ್ತಿಯಾನ್ ಪಿಂತಾದೊ. ಆತನು ೧೭೭೪ರಲ್ಲಿ ಆಫ್ರಿಕಾದ ಪಡುವಣ ಕಡಲಿನಲ್ಲಿರುವ ಕಾನಾರಿ ದ್ವೀಪಗಳಲ್ಲೊಂದಾದ ಲಾ ಪಾಲ್ಮದಲ್ಲಿ ಹುಟ್ಟಿದನು. ಯೌವನದಲ್ಲಿಯೇ ಲೂಯಿಸಿಯಾನಕ್ಕೆ ಬಂದು, ಅಲ್ಲಿಯ ಸರ್ವೇಯರ್ ಜನರಲ್ ಆಗಿದ್ದ ಕಾರ್ಲೋಸ್ ತ್ರೂದೋ ಎಂಬವನ ಕೈಕೆಳಗೆ ಉಪಭೂಮಾಪಕನಾಗಿ ಬೇಟನ್ ರೂಜ್ ಮತ್ತು ಫೆಲಿಸಿಯಾನ ಪ್ರಾಂತಗಳಲ್ಲಿ ಕೆಲಸಮಾಡಿದನು. ಅಲ್ಲಿ ಆತನು ಅಳತೆಯ ಕೆಲಸವಲ್ಲದೆ ಅಲ್ಕಾಲ್ದೆ ಎಂಬ ಸ್ಥಳೀಯ ನ್ಯಾಯಾಧಿಪತಿಯ ಅಧಿಕಾರವನ್ನೂ, ಪ್ರಜಾದಂಡಿನಲ್ಲಿ ಕ್ಯಾಪ್ಟನನ ಪದವಿಯನ್ನೂ ಹೊಂದಿದ್ದನು. ೧೮೦೫ರಲ್ಲಿ ಪಶ್ಚಿಮ ಫ್ಲಾರಿಡಾದ ಸರ್ವೇಯರ್ ಜನರಲ್ ಆಗಿ ನೇಮಕವಾಯಿತು. ಆತನ ಸುತ್ತಲಿದ್ದ ಒಕ್ಕಲುಗಳಲ್ಲಿ ಬಹುಮಂದಿ ಇಂಗ್ಲಿಷ್ ಮಾತಾಡುವವರು, ಕೆಲವರು ಫ್ರೆಂಚ್ ಮಾತಾಡುವವರು. ಸರಕಾರದ ಭಾಷೆಯೋ ಸ್ಪಾನಿಷ್. ಆದಕಾರಣ ಆತನ ದಫ್ತರದಲ್ಲಿ ಮೂರು ಭಾಷೆಗಳ ಕಾಗದಗಳೂ ಉಂಟು.

ಭೂಮಿಯು ದೊರೆಯುವ ಕ್ರಮವು ಹೀಗಿತ್ತು. ಒಕ್ಕಲಾಗಬಯಸುವವನು ಇಂಥಾ ಹಳ್ಳದ ದಡದಲ್ಲಿ ಇಷ್ಟು ಭೂಮಿ ಬೇಕೆಂದು ಗವರ್ನರನಿಗೆ ಅರ್ಜಿ ಬರೆಯಬೇಕು. ಅದು ಯಾರ ಸ್ವಾಧೀನದಲ್ಲಿಯೂ ಇಲ್ಲವೆಂದು ವಿಚಾರಿಸಿದ ಮೇಲೆ ಅಳತೆಮಾಡಲು ಹುಕುಮು ಆಗುವದು. ಭೂಮಾಪಕನು ದಿಕ್ಸೂಚಿಯನ್ನೂ ಸರಪಣಿಯನ್ನೂ ತಕ್ಕೊಂಡು, ಸರಪಣಿ ಹಿಡಿಯುವವರೊಂದಿಗೂ ಕೊಡಲಿಯವರೊಂದಿಗೂ ಕಾಡಿಗೆ ಹೋಗಿ, ನೆರೆಹೊಲದವರ ಎದುರಿನಲ್ಲಿ ಗೆರೆಗಳನ್ನು ಎಳೆದು, ಮೂಲೆಗಳಲ್ಲಿ ಗುರುತು ಮಾಡುವನು. ತರುವಾಯ ನಕ್ಷೆಯನ್ನು ಬರೆದು, ಅದರ ಕೆಳಗೆ ಅಳತೆಯ ದೃಢಪತ್ರವನ್ನು ಬರೆದು ಸಹಿಹಾಕಿ, ಮೇಲಕ್ಕೆ ಕಳುಹಿಸುವನು. ಅದನ್ನು ನೋಡಿ ಸರಕಾರವು ಪೂರ್ಣ ಹಕ್ಕುಪತ್ರವನ್ನು ಕೊಡುವದು. ಈ ಮೆಟ್ಟಲುಗಳಲ್ಲಿ ಕಡೆಯದನ್ನು ಮುಟ್ಟದೆ, ಭೂಮಾಪಕನ ನಕ್ಷೆಯೊಂದನ್ನೇ ಪೆಟ್ಟಿಗೆಯಲ್ಲಿಟ್ಟುಕೊಂಡು ನೆಮ್ಮದಿಯಾಗಿ ಉತ್ತು ಬಿತ್ತಿದವರು ಬಹುಮಂದಿ. ನಗರವು ದೂರ, ಖರ್ಚು ಹೆಚ್ಚು, ಅವಸರವೇನು ಎಂಬ ಭಾವ. ಈ ಭಾವವು ನಮ್ಮವರಿಗೂ ಹೊಸತಲ್ಲ.

ಲೆಕ್ಕದಲ್ಲಿ ಆಸಕ್ತಿಯುಳ್ಳ ಬಾಲಿಕೆಯರಿಗಾಗಿ ಅಳತೆಯ ವಿಷಯವನ್ನು ಸ್ವಲ್ಪ ವಿವರಿಸುತ್ತೇವೆ. ಅಲ್ಲಿ ನಡೆಯುತ್ತಿದ್ದ ಮಾನವು ಫ್ರೆಂಚರಿಂದ ಬಂದ 'ಆರ್ಪಾಂ' ಎಂಬದು. ಉದ್ದದ ಲೆಕ್ಕದಲ್ಲಿ ಒಂದು ಆರ್ಪಾಂ ಸುಮಾರು ೧೯೨ ಇಂಗ್ಲಿಷ್ ಅಡಿ. ಆ ಉದ್ದವುಳ್ಳ ಚೌಕಕ್ಕೂ ಆರ್ಪಾಂ ಎಂದೇ ಹೆಸರಿದ್ದು, ಅದು ಒಂದು ಎಕರೆಯ ನೂರರಲ್ಲಿ ಸುಮಾರು ಎಂಭತ್ತೈದು ಪಾಲು. ನಮ್ಮ ಮೋಜಣಿಯ ಸರಪಣಿಯು ೩೩ ಅಡಿ, ಅದರ ಚೌಕವು ಒಂದು ಗುಂಟೆ, ನಾಲ್ವತ್ತು ಗುಂಟೆಗೆ ಒಂದು ಎಕರೆಯೆಂಬದು ಎಲ್ಲರಿಗೂ ತಿಳಿದದ್ದೇ. ಹಾಗಾದರೆ ಅವರ ಆರ್ಪಾಂ ನಮ್ಮ ಮೂವತ್ತನಾಲ್ಕು ಗುಂಟೆಗೆ ಹತ್ತಿರ ಬರುವದು. ದಿಕ್ಸೂಚಿಯಿಂದ ಗೆರೆಯ ದಿಕ್ಕನ್ನು ಹಿಡಿಯುವದರಲ್ಲಿ ಒಂದು ಸೂಕ್ಷ್ಮವಿದೆ. ಸೂಜಿಯು ತೋರಿಸುವ ಉತ್ತರವು ಭೂಮಿಯ ನಿಜವಾದ ಉತ್ತರವಲ್ಲ. ಎರಡಕ್ಕೂ ಇರುವ ಓರೆಯು ಸ್ಥಳದಿಂದ ಸ್ಥಳಕ್ಕೂ ವರುಷದಿಂದ ವರುಷಕ್ಕೂ ಬದಲಾಗುತ್ತದೆ. ಆದುದರಿಂದ ಹಳೆಯ ನಕ್ಷೆಯನ್ನು ಇಂದಿನ ಸೂಜಿಯಿಂದ ಹಾಗೆಯೇ ಹಿಂಬಾಲಿಸಿದರೆ ಗೆರೆಯು ನೆರೆಯವನ ಹೊಲದೊಳಗೆ ಹೋಗಬಹುದು. ನಕ್ಷೆಯನ್ನು ಯಾವ ವರುಷ ಬರೆಯಲಾಯಿತು, ಆಗ ಸೂಜಿಯ ಓರೆ ಎಷ್ಟಿತ್ತು ಎಂಬದು ತಿಳಿದರೆ ಮಾತ್ರ ತಪ್ಪನ್ನು ತಿದ್ದಬಹುದು.

ಮೂಲೆಗಳ ಗುರುತು ಹೆಚ್ಚಾಗಿ ಮರಗಳೇ. ಮರದ ತೊಗಟೆಯನ್ನು ಕೊಡಲಿಯಿಂದ ಕೆತ್ತಿ ಗುರುತಿಟ್ಟು, ಅದು ಯಾವ ಜಾತಿಯ ಮರವೆಂದು ಬರೆಯುತ್ತಿದ್ದರು. ನಮ್ಮ ಕ್ರಯಪತ್ರಗಳಲ್ಲಿ ಚಕ್ಕುಬಂದಿಯನ್ನು ಬರೆಯುವಾಗ ಮೂಡಲಿಗೆ ಇಂಥವರ ಗದ್ದೆ, ತೆಂಕಲಿಗೆ ಹಳ್ಳ, ಪಡುವಲಿಗೆ ಬಂಡಿಜಾಡು ಎಂದು ಹೇಳುವ ಹಾಗೆಯೇ ಅವರೂ ನಾಲ್ಕು ದಿಕ್ಕಿನ ನೆರೆಯವರನ್ನೂ ತೊರೆಗಳನ್ನೂ ಹೆಸರಿಸಿದರು.

ಇನ್ನು ಯಾರಿಗೆ ಎಷ್ಟು ಭೂಮಿ ಎಂಬದನ್ನು ನೋಡೋಣ. ಗವರ್ನರನಾದ ಗಾಯೋಸೊ ದೆ ಲೆಮೋಸನು ೧೭೯೭ರಲ್ಲಿ ಕೊಟ್ಟ ಸೂಚನೆಗಳ ಪ್ರಕಾರ ಹೊಸದಾಗಿ ಬಂದ ವಿವಾಹಿತ ಒಕ್ಕಲಿಗೆ ೨೦೦ ಆರ್ಪಾಂ, ಆತನು ಕರತಂದ ಒಂದೊಂದು ಮಗುವಿಗೆ ೫೦ ಆರ್ಪಾಂ ದೊರೆಯತಕ್ಕದ್ದು. ಆಸ್ತಿಯುಳ್ಳವನು ಬಂದರೆ ೨೦೦ರ ಮೇಲೆ, ಆತನು ತಂದ ಒಬ್ಬೊಬ್ಬ ನೀಗ್ರೋ ದಾಸನಿಗೆ ೨೦ ಆರ್ಪಾಂನಂತೆ ಹೆಚ್ಚಾಗಿ ಕೊಡುವದು; ಒಬ್ಬನಿಗೆ ೮೦೦ನ್ನು ಮೀರಬಾರದು. ಈ ಲೆಕ್ಕವನ್ನು ಕರಿಹಲಗೆಯ ಮೇಲೆ ಬರೆದಾಗ ಬಾಲಿಕೆಯರು ಮೊದಲು ಸುಮ್ಮನೆ ಗುಣಾಕಾರ ಮಾಡಿದರು. ಬಳಿಕ ಒಬ್ಬಳು, ಆ ಇಪ್ಪತ್ತು ಆರ್ಪಾಂ ದಾಸನಿಗೆ ಸಿಕ್ಕಿತೇ ಎಂದು ಕೇಳಿದಳು. ಇಲ್ಲ, ಅದು ದಾಸನ ಯಜಮಾನನಿಗೆ ಸಿಕ್ಕಿತು. ಮನುಷ್ಯನನ್ನು ಪಶುವಿನಂತೆ ಕೊಂಡು ತಂದದ್ದಕ್ಕೆ ಸರಕಾರವು ಯಜಮಾನನಿಗೆ ಹದಿನೇಳು ಎಕರೆ ಬಹುಮಾನ ಕೊಟ್ಟ ಹಾಗಾಯಿತು. ಆ ಕಾಡನ್ನು ಕಡಿದು ಹತ್ತಿ ಬೆಳೆಯುವ ಹೊಲವನ್ನಾಗಿ ಮಾಡಿದವರು ಬಹುಮಟ್ಟಿಗೆ ಆ ದಾಸರೇ. ನಕ್ಷೆಯಲ್ಲಿ ಬರೆಯಲ್ಪಟ್ಟ ಹೆಸರು ಯಜಮಾನನದು.

ನಕ್ಷೆಯಲ್ಲಿ ಕಾಣದ ಇನ್ನೊಂದು ಜನಾಂಗವೂ ಉಂಟು. ಯಾರಿಗೂ ಕೊಡಲ್ಪಡದ ನೆಲವನ್ನು ಸ್ಪಾನಿಷ್ ಕಾಗದಗಳಲ್ಲಿ 'ಖಾಲಿ ಭೂಮಿ' ಅಥವಾ ಅರಸನ ಭೂಮಿ ಎಂದು ಬರೆಯುವದು ವಾಡಿಕೆ. ಫೆಲಿಸಿಯಾನದ ಪಡುವಣ ಅಂಚಿನಲ್ಲಿ, ಮಿಸಿಸಿಪ್ಪಿಯ ದಡದಲ್ಲಿ, ಟ್ಯೂನಿಕ ಎಂಬ ಮೂಲನಿವಾಸಿಗಳು ಹದಿನೆಂಟನೆಯ ಶತಮಾನದಲ್ಲಿ ಊರು ಕಟ್ಟಿಕೊಂಡು ಬಾಳಿದ್ದರು. ಆ ಶತಮಾನದ ಕಡೆಗೆ ಅವರು ನದಿಯನ್ನು ದಾಟಿ ಪಡುವಲಿಗೆ ಹೋದರು. ಅವರ ಹೆಸರು ಒಂದು ತೊರೆಗೂ ಕೆಲವು ಬೆಟ್ಟಗಳಿಗೂ ಅಂಟಿಕೊಂಡು ಉಳಿದಿದೆ. ಭೂಮಾಪಕನ ಸರಪಣಿಯು ಅಲ್ಲಿಗೆ ಬಂದಾಗ ಆ ನೆಲವು ಖಾಲಿಯಾಗಿತ್ತೆಂದು ಹೇಳುವದು ಸುಲಭ. ಅದು ಹೇಗೆ ಖಾಲಿಯಾಯಿತೆಂದು ಹೇಳುವದು ಭೂಮಾಪಕನ ಕೆಲಸವಾಗಿರಲಿಲ್ಲ. ಪಿಂತಾದೊ ತನ್ನ ಕೆಲಸದಲ್ಲಿ ಜಾಗ್ರತೆಯುಳ್ಳವನಾಗಿದ್ದನೆಂದು ಆತನ ಕಾಗದಗಳನ್ನು ಪರಿಶೀಲಿಸಿದವರು ಹೊಗಳುತ್ತಾರೆ, ನಾವೂ ಒಪ್ಪುತ್ತೇವೆ. ಅಷ್ಟಾದರೂ ಆ ಹೊಗಳಿಕೆಯನ್ನು ಈ ಎರಡು ಸಂಗತಿಗಳ ಪಕ್ಕದಲ್ಲಿಟ್ಟೇ ಓದಬೇಕು.

೧೮೧೦ನೇ ಸೆಪ್ಟಂಬರ್ ೨೩ರಂದು ಬೇಟನ್ ರೂಜಿನ ಕೋಟೆಯನ್ನು ಅಲ್ಲಿಯ ಇಂಗ್ಲಿಷ್ ಮಾತಾಡುವ ಒಕ್ಕಲುಗಳು ಹಿಡಿದು, ನೀಲಿ ಬಟ್ಟೆಯ ಮೇಲೆ ಒಂದು ಬಿಳಿ ನಕ್ಷತ್ರವಿರುವ ಧ್ವಜವನ್ನು ಏರಿಸಿ, ತಾವೊಂದು ಸ್ವತಂತ್ರ ರಾಜ್ಯವೆಂದು ಸಾರಿದರು. ಆ ರಾಜ್ಯವು ಮೂರು ತಿಂಗಳು ಕೂಡ ಬಾಳಲಿಲ್ಲ. ಅಧ್ಯಕ್ಷನಾದ ಮ್ಯಾಡಿಸನನು ಅದನ್ನು ಸಂಯುಕ್ತ ಸಂಸ್ಥಾನಗಳಿಗೆ ಸೇರಿಸಿಕೊಂಡನು. ೧೮೧೩ರಲ್ಲಿ ಮೊಬೀಲ್ ಸಹ ಹೋಯಿತು. ಪೆನ್ಸಕೋಲ ಮಾತ್ರ ಸ್ಪೇನಿನ ಕೈಯಲ್ಲಿ ಉಳಿಯಿತು. ಪಿಂತಾದೊ ಅಲ್ಲಿ ಕುಳಿತು ಅದೇ ಕಾಲದಲ್ಲಿ ಆ ಪಟ್ಟಣದ ನಕ್ಷೆಯನ್ನು ಹೊಸದಾಗಿ ಬರೆದನು. ಸುತ್ತಲೂ ರಾಜ್ಯವು ಕರಗುತ್ತಿರುವಾಗ ಒಬ್ಬನು ಅಳತೆಕೋಲನ್ನು ಹಿಡಿದು ಬೀದಿಗಳನ್ನೂ ಮನೆಯ ನಿವೇಶನಗಳನ್ನೂ ಗೆರೆ ತಪ್ಪದಂತೆ ಬರೆಯುವದು ವಿಚಿತ್ರವಾಗಿ ತೋರಬಹುದು. ಆದರೆ ಆ ನಕ್ಷೆಯು ವ್ಯರ್ಥವಾಗಲಿಲ್ಲ. ಪೆನ್ಸಕೋಲದ ಹಳೆಯ ಪೇಟೆಯು ಇಂದಿಗೂ ಆ ಗೆರೆಗಳ ಮೇಲೆಯೇ ನಿಂತಿದೆ. ನೆಪೋಲಿಯನನೊಂದಿಗೆ ಸ್ಪೇನು ಹೋರಾಡಿದ ಕಾಲವನ್ನು ನೆನಪಿಸುವ ಜರಗೋಸ, ಬೈಲೆನ್, ಪಾಲಾಫೋಕ್ಸ್ ಎಂಬ ಹೆಸರುಗಳು ಅಲ್ಲಿಯ ಬೀದಿಗಳಿಗೆ ಈಗಲೂ ಇವೆ.

೧೮೧೭ರಲ್ಲಿ ಪಿಂತಾದೊ ಪೆನ್ಸಕೋಲವನ್ನು ಬಿಟ್ಟು ಕ್ಯೂಬಾ ದ್ವೀಪದ ಹವಾನಕ್ಕೆ ಹೋದನು. ಹೋಗುವಾಗ ತನ್ನ ದಫ್ತರವನ್ನೂ ಕಟ್ಟಿಕೊಂಡು ಹೋದನು. ನಮ್ಮ ನಾಡಿನಲ್ಲಿ ಹಿಂದೆ ಶಾನುಭೋಗರ ಲೆಕ್ಕದ ಪುಸ್ತಕಗಳು ಅವರ ಮನೆಯ ಅಟ್ಟದ ಮೇಲೆಯೇ ಇದ್ದದ್ದನ್ನು ಬಲ್ಲವರಿಗೆ ಇದು ಆಶ್ಚರ್ಯವಲ್ಲ. ಒಕ್ಕಲಿನಿಂದ ಅಳತೆಯ ಕೂಲಿಯನ್ನು ಪಡೆದು, ತನ್ನ ಕೈಯಾರೆ ಬರೆದ ಟಿಪ್ಪಣಿಗಳು ಭೂಮಾಪಕನದೋ, ಅರಸನದೋ, ಯಾರ ಹೊಲವನ್ನು ಅಳೆಯಲಾಯಿತೋ ಅವನದೋ? ಅರಸನೇ ಆ ನಾಡನ್ನು ಬಿಟ್ಟುಹೋದರೆ ಈ ಪ್ರಶ್ನೆಯು ಇನ್ನಷ್ಟು ಕಠಿಣವಾಗುವದು.

ಯಾಕಂದರೆ ಎರಡೇ ವರುಷಗಳಲ್ಲಿ ಅದು ಹಾಗೆಯೇ ಆಯಿತು. ೧೮೧೯ನೇ ಫೆಬ್ರವರಿ ೨೨ರಂದು ಸಹಿಯಾದ ಒಪ್ಪಂದದಿಂದ ಸ್ಪೇನು ಎರಡು ಫ್ಲಾರಿಡಾಗಳನ್ನೂ ಬಿಟ್ಟುಕೊಟ್ಟಿತು, ೧೮೨೧ರಲ್ಲಿ ಹಸ್ತಾಂತರವಾಯಿತು. ಭೂಮಿಯ ಸ್ವಾಮ್ಯಕ್ಕೂ ರಾಜ್ಯಾಧಿಕಾರಕ್ಕೂ ನೇರವಾಗಿ ಸಂಬಂಧಿಸಿದ ದಾಖಲೆಗಳೆಲ್ಲವನ್ನೂ ಭೂಮಿಯೊಂದಿಗೆ ಕೊಡತಕ್ಕದ್ದೆಂದು ಅದರ ಎರಡನೆಯ ವಿಧಿ. ೧೮೧೮ನೇ ಜನವರಿ ೨೪ಕ್ಕೆ ಮುಂಚೆ ಕೊಟ್ಟ ಭೂಮಿಗಳು ಊರ್ಜಿತ, ತರುವಾಯ ಕೊಟ್ಟವು ಅನೂರ್ಜಿತ ಎಂದು ಎಂಟನೆಯ ವಿಧಿ. ಸ್ಪೇನಿನ ಅರಸನು ತನ್ನ ಆಸ್ಥಾನದ ಮೂವರು ದೊಡ್ಡ ಮನುಷ್ಯರಿಗೆ ಕಡೆಯ ಗಳಿಗೆಯಲ್ಲಿ ಫ್ಲಾರಿಡಾದ ಬಹುಭಾಗವನ್ನೇ ಧಾರಾಳವಾಗಿ ದಾನಮಾಡಿಬಿಟ್ಟದ್ದರಿಂದ ಈ ತಾರೀಖಿನ ಕಟ್ಟು ಬೇಕಾಯಿತು. ಹೀಗೆ ಒಬ್ಬ ಒಕ್ಕಲಿನ ಬಾಳು ಒಂದು ಕಾಗದದ ತಾರೀಖಿಗೂ ಆ ಕಾಗದ ಯಾರ ಪೆಟ್ಟಿಗೆಯಲ್ಲಿದೆ ಎಂಬದಕ್ಕೂ ತೂಗುಬಿತ್ತು.

ಕಾಗದಗಳಿಗಾಗಿ ನಡೆದ ಜಗಳಗಳಲ್ಲಿ ಒಂದನ್ನು ನಮ್ಮ ಬಾಲಿಕೆಯರು ವಿಶೇಷವಾಗಿ ತಿಳಿದಿರಬೇಕೆಂದು ಇಲ್ಲಿ ಹೇಳುತ್ತೇವೆ. ಸ್ಪಾನಿಷ್ ಸರಕಾರದಲ್ಲಿ ದೊಡ್ಡ ನ್ಯಾಯಾಧಿಕಾರಿಯಾಗಿದ್ದ ನಿಕೊಲಾಸ್ ಮರಿಯಾ ವಿದಾಲ್ ಎಂಬವನು ೧೮೦೬ರಲ್ಲಿ ಪೆನ್ಸಕೋಲದಲ್ಲಿ ಸತ್ತನು. ಆತನ ಹೆಣ್ಣುಮಕ್ಕಳು ಮಿಶ್ರವರ್ಣದವರು. ಆತನ ಆಸ್ತಿಗೆ ಅವರೇ ವಾರಸುದಾರರು. ಆಸ್ತಿಯ ವ್ಯವಹಾರವು ಆ ಊರಿನ ಒಂದು ಬಲವಾದ ವ್ಯಾಪಾರ ಮನೆತನದ ಕೈಯಲ್ಲಿ ಸಿಕ್ಕಿಕೊಂಡಿದ್ದು, ಹದಿನೈದು ವರುಷವಾದರೂ ಆ ಮಕ್ಕಳಿಗೆ ಲೆಕ್ಕ ಒಪ್ಪಿಸಲ್ಪಡಲಿಲ್ಲ. ೧೮೨೧ರಲ್ಲಿ ಅಮೇರಿಕಾದ ಪರವಾಗಿ ಆಂಡ್ರೂ ಜಾಕ್ಸನನು ಗವರ್ನರನಾಗಿ ಬಂದಾಗ ಮೆರ್ಸೆದೆಸ್ ವಿದಾಲಳು ಹೊಸ ಅಲ್ಕಾಲ್ದೆಯ ಬಳಿಗೆ ಹೋಗಿ, ತನ್ನ ತಂದೆಯ ಆಸ್ತಿಯ ಕಾಗದಗಳು ಸ್ಪಾನಿಷ್ ಅಧಿಕಾರಿಗಳಲ್ಲಿವೆ, ಅವರು ಅವನ್ನು ಹವಾನಕ್ಕೆ ಸಾಗಿಸುವರು, ಹಾಗಾದರೆ ತಮ್ಮ ವ್ಯಾಜ್ಯವು ಸತ್ತಂತೆಯೇ ಎಂದು ಮೊರೆಯಿಟ್ಟಳು. ಜಾಕ್ಸನನು ಕಾಗದಗಳನ್ನು ಕೇಳಿದನು. ಹಳೆಯ ಗವರ್ನರನಾದ ಹೋಸೆ ಕಾಯಾವನು ಕೊಡಲೊಲ್ಲದೆಹೋದನು. ಆಗಸ್ಟ್ ತಿಂಗಳ ಒಂದು ರಾತ್ರಿ ಆತನನ್ನು ಹಿಡಿದು ತಂದು ಸೆರೆಯಲ್ಲಿಟ್ಟು, ಆತನ ಮನೆಯಲ್ಲಿದ್ದ ಪೆಟ್ಟಿಗೆಯಿಂದ ಕಾಗದಗಳನ್ನು ತೆಗೆದ ಮೇಲೆಯೇ ಮರುದಿನ ಬಿಟ್ಟರು. ಜಾಕ್ಸನನ ರೀತಿಯು ಒರಟು; ಅದನ್ನು ಆತನ ದೇಶದವರೇ ಬಹುವಾಗಿ ಖಂಡಿಸಿದರು. ಮೂಲನಿವಾಸಿಗಳಿಗೂ ದಾಸರಿಗೂ ಆತನು ಮಾಡಿದ್ದನ್ನು ಬಲ್ಲ ನಾವು ಆತನನ್ನು ಕನಿಕರದ ಮೂರ್ತಿಯೆಂದು ಹೇಳಲಾರೆವು. ಆ ಹೆಣ್ಣುಮಗಳ ತಿಳುವಳಿಕೆಯನ್ನು ಮಾತ್ರ ಮೆಚ್ಚದಿರಲಾರೆವು. ಹಡಗು ಹೊರಟುಹೋದ ಮೇಲೆ ಅತ್ತು ಫಲವಿಲ್ಲವೆಂದು ಆಕೆಯು ಬಲ್ಲವಳಾಗಿದ್ದಳು.

ಇಲ್ಲಿ ನಮ್ಮದೇ ಒಂದು ಮಾತು. ಕೆಲವು ವರುಷಗಳ ಹಿಂದೆ ನಮ್ಮ ಶಾಲೆಯ ಆವರಣದ ಮೂಡಣ ಮೂಲೆಯಲ್ಲಿರುವ ಬಾವಿಯು ತಮ್ಮದೆಂದು ನೆರೆಯವರೊಬ್ಬರು ಬೇಲಿ ಹಾಕಲು ಬಂದರು. ಬೋರ್ಡಿಂಗಿನ ನೂರಾರು ಮಕ್ಕಳು ಕುಡಿಯುವ ನೀರದು. ಮೂರು ದಿನ ಕಪಾಟುಗಳನ್ನೆಲ್ಲಾ ಹುಡುಕಿ, ಕಡೆಗೆ ಹಳೆಯ ಹಾಜರಿ ಪುಸ್ತಕಗಳ ಕೆಳಗೆ ಗೆದ್ದಲು ಅರ್ಧ ತಿಂದಿದ್ದ ಒಂದು ನಕ್ಷೆಯನ್ನು ಕಂಡೆವು. ಬಾವಿಯಿದ್ದ ಮೂಲೆಯನ್ನು ಗೆದ್ದಲು ಮುಟ್ಟಿರಲಿಲ್ಲ. ಆ ಮೂರು ದಿನ ನಾವು ಸರಿಯಾಗಿ ಊಟಮಾಡಲಿಲ್ಲವೆಂಬದನ್ನು ಆಗಿನ ಮೇಟ್ರನ್ ಅವರು ಈಗಲೂ ಹೇಳಿ ನಗುತ್ತಾರೆ.

ಕಥೆಗೆ ಬರೋಣ. ೧೮೦೩ರ ತರುವಾಯ ಸ್ಪೇನು ಕೊಟ್ಟ ಭೂಮಿಯ ಗತಿಯೇನಾಯಿತು? ಫೆಲಿಸಿಯಾನದಲ್ಲಿ ಮಿಸಿಸಿಪ್ಪಿಗೆ ಮೂವತ್ತು ಮೈಲು ಮೂಡಲಿಗೆ ೧೮೦೪ನೇ ಜನವರಿಯಲ್ಲಿ ಸ್ಪಾನಿಷ್ ಅಧಿಕಾರಿಯು ಒಬ್ಬನಿಗೆ ೪೦,೦೦೦ ಆರ್ಪಾಂ, ಅಂದರೆ ಸುಮಾರು ೩೪,೦೦೦ ಎಕರೆ ಕೊಟ್ಟಿದ್ದನು. ಅದರ ಒಂದು ಭಾಗಕ್ಕಾಗಿ ನಡೆದ ವ್ಯಾಜ್ಯವು ಅಮೇರಿಕಾದ ಶ್ರೇಷ್ಠ ನ್ಯಾಯಾಲಯಕ್ಕೆ ಹೋಯಿತು. ೧೮೨೯ರಲ್ಲಿ ಮುಖ್ಯ ನ್ಯಾಯಾಧೀಶನಾದ ಜಾನ್ ಮಾರ್ಷಲನು, ಆ ನೆಲವು ೧೮೦೩ರಲ್ಲಿಯೇ ತಮ್ಮದಾಯಿತೆಂದು ದೇಶದ ಸರಕಾರವು ಹೇಳುತ್ತಿರುವಾಗ ನ್ಯಾಯಾಲಯವು ಬೇರೆ ಮಾತು ಹೇಳಲಾರದೆಂದು ತೀರ್ಪುಕೊಟ್ಟನು. ಆಗ ಎಂಟನೆಯ ವಿಧಿಯ ವಿಚಾರವೂ ಬಂತು. ಅದರ ಇಂಗ್ಲಿಷ್ ಪಾಠದಲ್ಲಿ ಹಳೆಯ ದಾನಗಳು 'ಸ್ಥಿರಪಡಿಸಲ್ಪಡತಕ್ಕದ್ದು' ಎಂಬರ್ಥದ ಮಾತುಗಳಿದ್ದವು. ಹಾಗಾದರೆ ಸ್ಥಿರಪಡಿಸುವ ಕಾಯಿದೆಯೊಂದು ಮುಂದೆ ಆಗಬೇಕು, ಅದಾಗುವ ತನಕ ಒಪ್ಪಂದವೊಂದರಿಂದಲೇ ಹಕ್ಕಿಲ್ಲ ಎಂದಾಯಿತು. ನಾಲ್ಕು ವರುಷ ಕಳೆದು ೧೮೩೩ರಲ್ಲಿ, ಪೂರ್ವ ಫ್ಲಾರಿಡಾದಲ್ಲಿ ೨,೦೦೦ ಎಕರೆಗಾಗಿ ಬಂದ ಹ್ವಾನ್ ಪೆರ್ಚೆಮನ್ ಎಂಬವನ ವ್ಯಾಜ್ಯದಲ್ಲಿ ಅದೇ ನ್ಯಾಯಾಧೀಶನು ಅದೇ ವಿಧಿಯ ಸ್ಪಾನಿಷ್ ಪಾಠವನ್ನು ನೋಡಿದನು. ಅದರಲ್ಲಿ ಆ ದಾನಗಳು 'ಸ್ಥಿರವಾಗಿಯೇ ಉಳಿಯುವವು' ಎಂಬರ್ಥದ ಕ್ರಿಯಾಪದವಿತ್ತು. ಹಾಗಾದರೆ ಬೇರೆ ಕಾಯಿದೆ ಬೇಕಿಲ್ಲ, ಹಕ್ಕು ಇದ್ದೇ ಇದೆ. ಪೆರ್ಚೆಮನನು ಗೆದ್ದನು. ಭಾಷಾಂತರದ ತರಗತಿಯಲ್ಲಿ ಒಂದು ಪ್ರತ್ಯಯಕ್ಕಾಗಿ ನಾವು ಹಟಹಿಡಿದಾಗ ಮುಖ ಗಂಟಿಕ್ಕುವವರು ಈ ಎರಡು ಸಾವಿರ ಎಕರೆಗಳನ್ನು ನೆನಸಿಕೊಳ್ಳಲಿ. ಆದರೂ ಪಶ್ಚಿಮ ಫ್ಲಾರಿಡಾದ ಆ ಏಳು ವರುಷಗಳ ದೊಡ್ಡ ದಾನಗಳಿಗೆ ಇದರಿಂದ ಜೀವ ಬರಲಿಲ್ಲ. ೧೮೩೮ರಲ್ಲಿಯೂ ನ್ಯಾಯಾಲಯವು ಮೊದಲಿನ ಮಾತನ್ನೇ ಹೇಳಿತು. ತಮ್ಮ ನೆಲದ ಮೇಲೆ ನಿಜವಾಗಿ ಮನೆ ಕಟ್ಟಿಕೊಂಡು ಸಾಗುವಳಿ ಮಾಡುತ್ತಿದ್ದ ಸಣ್ಣ ಒಕ್ಕಲುಗಳಿಗೆ ಅಮೇರಿಕಾದ ಶಾಸನಸಭೆಯು ಬೇರೆ ಕಾಯಿದೆಗಳಿಂದ ದಾರಿಮಾಡಿಕೊಟ್ಟಿತು. ಹಿಂದಿನ ಬೆಂಚಿನ ಹುಡುಗಿಯ ಪ್ರಶ್ನೆಗೆ ನಮಗೆ ಸಿಕ್ಕಿದ ಉತ್ತರ ಇದೇ: ಉಳುವವನು ಬಹುಮಟ್ಟಿಗೆ ಉಳಿದನು, ಆದರೆ ತಾನು ಯಾವಾಗಿನಿಂದ ಎಲ್ಲಿದ್ದೇನೆಂದು ಹೊಸ ದೊರೆಯ ಮುಂದೆ ರುಜುವಾತು ಮಾಡಬೇಕಾಯಿತು.

ರುಜುವಾತಿನ ಬಹುಪಾಲು ಹವಾನದಲ್ಲಿತ್ತು. ಪಿಂತಾದೊ ೧೮೨೯ರಲ್ಲಿ, ಮೇಲೆ ಹೇಳಿದ ಮೊದಲನೆಯ ತೀರ್ಪಾದ ವರುಷದಲ್ಲಿಯೇ, ಅಲ್ಲಿ ತೀರಿಹೋದನು. ದಫ್ತರವು ಆತನ ವಿಧವೆಯ ಕೈಗೆ ಬಂತು. ಆಕೆಯು ಅದನ್ನು ಅಮೇರಿಕಾ ಸರಕಾರಕ್ಕೆ ಮಾರಲು ಪ್ರಯತ್ನಿಸಿದಳು; ಬೇಹಾರವು ಕುದುರಲಿಲ್ಲ. ಪರದೇಶದಲ್ಲಿ ಗಂಡನನ್ನು ಕಳಕೊಂಡವಳು ಕಾಗದದ ಕಟ್ಟಿಗೆ ಬೆಲೆ ಕೇಳಿದಳೆಂದು ಆಕೆಯನ್ನು ಲೋಭಿಯೆಂದು ಕರೆಯಲು ನಮಗೆ ಮನಸ್ಸು ಬಾರದು. ಆ ಕಟ್ಟಿನ ಹೊರತು ಆತನು ಆಕೆಗೆ ಬಿಟ್ಟುಹೋದದ್ದಾದರೂ ಎಷ್ಟಿದ್ದೀತು? ಕಡೆಗೆ ಕೆಲವು ಕಾಗದಗಳ ನಕಲುಗಳು ಮಾತ್ರ ಲೂಯಿಸಿಯಾನವನ್ನು ಮುಟ್ಟಿ, ಅಲ್ಲಿಯ ಭೂದಾಖಲೆಗಳ ಕಚೇರಿಯಲ್ಲಿ ಉಪಯೋಗಕ್ಕೆ ಬಂದವು. ಮೂಲ ಕಾಗದಗಳು ಬಹುಕಾಲ ಖಾಸಗಿಯಾಗಿದ್ದು, ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ವಾಷಿಂಗ್ಟನಿನ ಲೈಬ್ರರಿ ಆಫ್ ಕಾಂಗ್ರೆಸ್ ಎಂಬ ಮಹಾ ಪುಸ್ತಕಾಲಯವನ್ನು ಸೇರಿದವು. ಸುಮಾರು ೧,೫೦೦ ಕಾಗದಗಳು: ಪತ್ರಗಳು, ಅರ್ಜಿಗಳು, ಅಳತೆಯ ದೃಢಪತ್ರಗಳು, ಕ್ರಯಪತ್ರಗಳು, ಒಕ್ಕಲುಗಳ ಪಟ್ಟಿಗಳು, ನ್ಯಾಯಸ್ಥಾನದ ನಕಲುಗಳು, ಟಿಪ್ಪಣಿ ಪುಸ್ತಕಗಳು, ನಕ್ಷೆಗಳು. ಈಗ ಯಾರು ಬೇಕಾದರೂ ಕೇಳಿ ಓದಬಹುದು.

ಈಗ ಹೊಲದ ವ್ಯಾಜ್ಯಕ್ಕಾಗಿ ಅವುಗಳನ್ನು ಕೇಳುವವರು ಕಡಿಮೆ. ತಮ್ಮ ವಂಶದ ಹಿರಿಯರು ಎಲ್ಲಿಂದ ಬಂದರೆಂದು ಹುಡುಕುವವರು ಒಕ್ಕಲುಗಳ ಪಟ್ಟಿಯನ್ನು ನೋಡುತ್ತಾರೆ. ಸ್ಪಾನಿಷ್ ನ್ಯಾಯದ ಪ್ರಕಾರ ಹೆಂಡತಿಯು ತನ್ನ ತವರಿನ ಹೆಸರನ್ನೂ ತನ್ನ ಸ್ವಂತ ಆಸ್ತಿಯ ಹಕ್ಕನ್ನೂ ಕಳಕೊಳ್ಳುತ್ತಿರಲಿಲ್ಲವಾದ್ದರಿಂದ, ಇಂಗ್ಲಿಷ್ ದಾಖಲೆಗಳಲ್ಲಿ ಗಂಡನ ಹೆಸರಿನ ಹಿಂದೆ ಮರೆಯಾಗುವ ಸ್ತ್ರೀಯರು ಇಂಥಾ ದಾಖಲೆಗಳಲ್ಲಿ ತಮ್ಮ ಹೆಸರಿನಿಂದಲೇ ಕಾಣುತ್ತಾರೆ. ಸಸ್ಯಶಾಸ್ತ್ರಜ್ಞರೂ ಇಂಥಾ ದಾಖಲೆಗಳನ್ನು ಓದುವದುಂಟು. ಕೊಡಲಿ ಬೀಳುವದಕ್ಕೆ ಮುಂಚೆ ಪಶ್ಚಿಮ ಫೆಲಿಸಿಯಾನದ ಕಾಡು ಹೇಗಿತ್ತೆಂದು ತಿಳಿಯಲು, ಹಳೆಯ ಭೂಮಾಪಕರು ಮೂಲೆಮೂಲೆಗೆ ಗುರುತಿಟ್ಟು ಹೆಸರು ಬರೆದ ಮರಗಳನ್ನು ಎಣಿಸಿದರು. ಅಲ್ಲಿ ಹೇರಳವಾಗಿ ಬೆಳೆದಿದ್ದ ಮರಗಳಲ್ಲಿ ಒಂದು ಮಾಗ್ನೋಲಿಯಾ, ಅಂದರೆ ನಮ್ಮ ಸಂಪಿಗೆಯ ಒಕ್ಕಲಿನದು. ಒಬ್ಬನ ಹೊಲದ ಮೂಲೆ ತಪ್ಪದಿರಲೆಂದು ಬರೆದ ಹೆಸರುಗಳಿಂದ ಕಣ್ಮರೆಯಾದ ಒಂದು ಕಾಡು ಹೀಗೆ ಮತ್ತೆ ತಿಳಿದುಬಂತು.

ಬೇಸಿಗೆಯ ರಜೆ ಕಳೆದು ಬಂದಾಗ ಆ ಹಿಂದಿನ ಬೆಂಚಿನ ಹುಡುಗಿಯು ತನ್ನ ಅಜ್ಜನ ಕ್ರಯಪತ್ರದ ಒಂದು ನಕಲನ್ನು ಬರೆದು ತಂದಿದ್ದಳು. ಅದರ ಚಕ್ಕುಬಂದಿಯಲ್ಲಿ ಮೂಡಲಿಗೆ ದೊಡ್ಡ ಹೊಂಗೆಮರ ಎಂದಿದೆ. ಈಗ ಅಲ್ಲಿ ಮರವಿಲ್ಲ. ಅದನ್ನು ಯಾವಾಗ ಕಡಿದರೆಂದು ಆಕೆಯ ಮನೆಯವರಲ್ಲಿ ಯಾರಿಗೂ ತಿಳಿಯದಂತೆ.